ಇಬ್ಬರು ಕೊಟ್ರಬಸಪ್ಪರು, ಒಂದು ರಿಟರ್ನು

ಉಜ್ಜಿನಿಯ ಗೌಂಡಿ ಕೊಟ್ರಬಸಪ್ಪ ಆ ಮಂಗಳವಾರ ಗಿರಣಿಯ ಆಫೀಸಿನೊಳಗೆ ಬಂದಾಗ ಚಪ್ಪಲಿ ಬಿಡಲಿಲ್ಲ. ಹೋದ ವರ್ಷ ಇದೇ ಕೊಟ್ಟೂರಿನ ಹತ್ತಿ ಗಿರಣಿಗೆ ಗೋದಾಮು ಕಟ್ಟಿಕೊಡುವಾಗ ಮೂರು ತಿಂಗಳು ದಿನವೂ ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಟವೆಲ್ಲಿನಿಂದ ಕಾಲಿನ ಸಿಮೆಂಟು ಜಾಡಿಸಿಕೊಂಡು ಒಳಗೆ ಬರುತ್ತಿದ್ದ ಮನುಷ್ಯ ಅವನು. ಟೈಪ್‌ರೈಟರಿನ ಮುಂದೆ ಕೂತಿದ್ದ ಗಾಳೆಮ್ಮ ಅವನ ಕಾಲು ನೋಡಿ, ಆಮೇಲೆ ಮುಖ ನೋಡಿದಳು.

"ಸಾವ್ಕಾರ್ರು ಅದಾರೇನು?"

"ಅದಾರ್ರಿ. ಕುಂದರ್ರಿ."

"ಕುಂದ್ರಾಕ ಬಂದಿಲ್ಲ ನಾನು."

ಒಳಗಿನ ಕೋಣೆಯಿಂದ ಬೆನಕಪ್ಪ ಹೊರಗೆ ಬಂದರು. ಗಿರಣಿ ಕಂಪನಿಯ ಡೈರೆಕ್ಟರು ಎಂದು ಬೋರ್ಡಿನ ಮೇಲಿದ್ದರೂ ಊರಿಗೆಲ್ಲ ಅವರು ಸಾವ್ಕಾರರೇ. ಕೊಟ್ರಬಸಪ್ಪ ಅವರಿಗೆ ನಮಸ್ಕಾರವನ್ನೂ ಹೇಳಲಿಲ್ಲ.

"ನನ್ನ ಬಿಲ್ಲಿನಾಗ ನೂರಕ್ಕ ಎರಡು ರೂಪಾಯಿ ಹಿಡ್ಕಂಡ್ರಿ. ಸರಕಾರಕ್ಕ ಕಟ್ತೀವಿ, ನಿನ್ನ ಹೆಸರಿಗೆ ಜಮಾ ಆಗ್ತೈತಿ ಅಂದ್ರಿ. ಕಟ್ಟೀರೇನ್ರಿ?"

"ಕಟ್ಟದ ಏನು ಮಾಡ್ತೀವಿ? ತಿಂಗಳಾ ತಿಂಗಳಾ ಕಟ್ಟೀವಿ."

"ಬಳ್ಳಾರಿ ಆಫೀಸಿನಾಗ ನನ್ನ ಹೆಸರ ಇಲ್ಲಂತ್ರಿ! ಗಿರಣಿಯವ್ರು ಕೊಟ್ಟ ಪಟ್ಟಿಯಾಗ ನೀನಿಲ್ಲ ಅಂತ ನಿನ್ನೆ ಆಫೀಸರ್ರು ಮಕಕ್ಕ ಹೇಳಿದ್ರು."

ಅವನು ಹೇಳಿದ್ದು ಇಷ್ಟು. ಹಡಗಲಿಯಲ್ಲಿ ಶಾಲೆಯ ಕಟ್ಟಡಕ್ಕೆ ಟೆಂಡರ್ ಕರೆದಿದ್ದಾರೆ. ಹದಿನಾಲ್ಕು ವರ್ಷ ಬೇರೆಯವರ ಕೈಕೆಳಗೆ ಗೋಡೆ ಎಬ್ಬಿಸಿದ ಅವನು ಇದೇ ಮೊದಲ ಸಲ ಸ್ವಂತ ಹೆಸರಲ್ಲಿ ಟೆಂಡರ್ ಹಾಕುವವನಿದ್ದಾನೆ. ಅರ್ಜಿಯ ಜೊತೆ ಆದಾಯ ತೆರಿಗೆಯವರು ಕೊಡುವ 'ಬಾಕಿ ಇಲ್ಲ' ಎಂಬ ಸರ್ಟಿಫಿಕೇಟು ಇರಲೇಬೇಕು. ಅವನು ತನ್ನ ಲೆಕ್ಕದಲ್ಲಿ ಗಿರಣಿಯ ಕೆಲಸವನ್ನೂ, ಅಲ್ಲಿ ಹಿಡಿದ ತೆರಿಗೆಯನ್ನೂ ಪ್ರಾಮಾಣಿಕವಾಗಿ ತೋರಿಸಿದ್ದ. ಗಿರಣಿಯ ಕಾಗದದಲ್ಲಿ ಉಜ್ಜಿನಿಯ ಕೊಟ್ರಬಸಪ್ಪ ಎಂಬವನೇ ಇರಲಿಲ್ಲ. ಗುರುವಾರ ಮಧ್ಯಾಹ್ನ ಮೂರಕ್ಕೆ ಟೆಂಡರ್ ಮುಚ್ಚುತ್ತದೆ.

ಬೆನಕಪ್ಪನವರ ಮುಖ ಕೆಂಪಾಯಿತು. "ಅಂದ್ರ ನಾವು ನಿನ್ನ ತೆರಿಗಿ ತಿಂದೀವಿ ಅಂತೀಯೇನು? ಗಾಳೆಮ್ಮಾ, ಹೋದ ವರ್ಷದ ರಿಟರ್ನಿನ ಫೈಲು ತೆಗಿ. ತೋರ್ಸು ಇವನಿಗೆ."

ಗಾಳೆಮ್ಮ ಕಪಾಟಿನಿಂದ ಫೈಲು ತೆಗೆದಳು. ಮೂರು ತಿಂಗಳಿಗೊಮ್ಮೆ, ಯಾವ ಯಾವ ಕಂಟ್ರಾಕ್ಟರನ ಬಿಲ್ಲಿನಿಂದ ಎಷ್ಟು ತೆರಿಗೆ ಹಿಡಿದೆವು ಎಂದು ಹೆಸರು, ಊರು, ಮೊತ್ತದ ಸಮೇತ ಬಳ್ಳಾರಿಗೆ ಬರೆದು ಕಳಿಸುವುದೇ ಆ ರಿಟರ್ನು. ಅಲ್ಲಿನವರು ಆ ಪಟ್ಟಿ ನೋಡಿಯೇ ಒಬ್ಬೊಬ್ಬರ ಹೆಸರಿಗೆ ತೆರಿಗೆ ಜಮಾ ಹಿಡಿಯುತ್ತಾರೆ. ೧೯೮೩ರ ಜುಲೈ, ಆಗಸ್ಟ್, ಸೆಪ್ಟೆಂಬರಿನ ಕಾರ್ಬನ್ ಪ್ರತಿ ಸಿಕ್ಕಿತು. ಬೆರಳಿಟ್ಟು ಇಳಿಯುತ್ತ ಬಂದವಳು ನಾಲ್ಕನೇ ಸಾಲಿನಲ್ಲಿ ನಿಂತಳು.

ಕೊಟ್ರಬಸಪ್ಪ, ಕಂಟ್ರಾಕ್ಟರ್, ಚಿಗಟೇರಿ.

ಚಿಗಟೇರಿಯ ಕೊಟ್ರಬಸಪ್ಪ ಎಂದರೆ ಲಾರಿಯವನು, ಹತ್ತಿಯ ದೊಡ್ಡ ಮೂಟೆ, ಅಂದರೆ ಅಂಡಿಗೆ ಸಾಗಿಸುವವನು. ಆ ಮೂರು ತಿಂಗಳು ಗಿರಣಿ ನಿಂತಿತ್ತು. ಅವನ ಲಾರಿ ಗೇಟಿನೊಳಗೆ ಬಂದೇ ಇರಲಿಲ್ಲ. ಗಾಳೆಮ್ಮ ಕೆಲಸಕ್ಕೆ ಸೇರಿ ಆಗಿನ್ನೂ ಆರು ವಾರ. ಅವಳ ಅಪ್ಪ ಗಾದಿಲಿಂಗಪ್ಪ ಇದೇ ಗಿರಣಿಯಲ್ಲಿ ಅಂಡಿಗೆ ಹೊರುವವನು. ಅವರ ಕೇರಿಯಿಂದ ಬಂದು ಈ ಆಫೀಸಿನ ಕುರ್ಚಿಯಲ್ಲಿ ಕೂತವಳು ಇವಳೇ ಮೊದಲಿಗಳು. ತಪ್ಪಾಗಬಾರದೆಂಬ ಭಯಕ್ಕೆ ಹಿಂದಿನ ರಿಟರ್ನನ್ನು ಪಕ್ಕದಲ್ಲಿಟ್ಟುಕೊಂಡು ಹೆಸರುಗಳನ್ನು ಅದರಲ್ಲಿದ್ದಂತೆಯೇ ಇಳಿಸಿದ್ದಳು. ಬಿಲ್ಲಿನಲ್ಲಿ ಕೊಟ್ರಬಸಪ್ಪ ಎಂದಷ್ಟೇ ಇತ್ತು, ಹಿಂದಿನ ಪಟ್ಟಿಯಲ್ಲಿ ಕೊಟ್ರಬಸಪ್ಪ, ಚಿಗಟೇರಿ ಎಂದಿತ್ತು. ಸಾಲಿನ ಪಕ್ಕದಲ್ಲಿ, ತಾಳೆ ನೋಡಿದ ಗುರುತಾಗಿ, ಹಿರಿಯ ಗುಮಾಸ್ತ ಅಜ್ಜಯ್ಯನ ಕೆಂಪು ಶಾಯಿಯ ಗೆರೆಯೂ ಇತ್ತು.

"ತೆರಿಗಿ ಕಟ್ಟೈತ್ರಿ," ಎಂದಳು. "ಇವ್ರ ಹೆಸರಿಗೆ ಹೋಗಿಲ್ಲ. ಲಾರಿ ಕೊಟ್ರಬಸಪ್ಪನೋರ ಹೆಸರಿಗೆ ಹೋಗೈತಿ. ನಾನ ತಪ್ಪು ಹೊಡದೀನ್ರಿ."

ಮೂಲೆಯ ಮೇಜಿನಲ್ಲಿದ್ದ ಅಜ್ಜಯ್ಯ ಕನ್ನಡಕ ತೆಗೆದು ಧೋತರದ ತುದಿಯಿಂದ ಒರೆಸತೊಡಗಿದ.

ಬೆನಕಪ್ಪ ಕೊಟ್ರಬಸಪ್ಪನನ್ನು ಚಹಾ ಕುಡಿದು ಬಾ ಎಂದು ಹೊರಗೆ ಕಳಿಸಿದರು. ಅವನು ಗೇಟು ದಾಟುವವರೆಗೆ ಕಾದು ಗಾಳೆಮ್ಮನಿಗೆ ಹೇಳಿದರು: "ಅವನ ಬಿಲ್ಲಿನಾಗ ಊರ ಹೆಸರಿಲ್ಲ, ಹೌದಲ್ಲ? ಕಂಟ್ರಾಕ್ಟರನೇ ಬಾಯಿಲೆ ಚಿಗಟೇರಿ ಅಂತ ಹೇಳಿದ್ದ, ಹಂಗಾಗಿ ಹಿಂಗಾತು ಅಂತ ಒಂದು ಕಾಗದ ಹೊಡಿ. ಸಹಿ ಮಾಡ್ತೀನಿ."

"ಅವ್ರು ಹಂಗ ಹೇಳಿಲ್ರಿ, ಸಾವ್ಕಾರ್ರ."

"ಹೇಳಿಲ್ಲ ಅಂತ ನನಗೂ ಗೊತ್ತೈತಿ! ಕಂಪನಿ ತಪ್ಪು ಅಂತ ಬರದ್ರ ದಂಡ ಯಾರ ಮ್ಯಾಲೆ ಬೀಳ್ತೈತಿ? ಆ ರಿಟರ್ನಿನ ಕೆಳಗ, ಇದರಾಗಿರೋದೆಲ್ಲಾ ಸತ್ಯ ಅಂತ ಸಹಿ ಹಾಕಿದಾವ ನಾನು. ನೀನಲ್ಲ."

ಗಾಳೆಮ್ಮ ತಲೆ ತಗ್ಗಿಸಿ ನಿಂತಳು. ಆದರೆ ಟೈಪ್‌ರೈಟರಿನ ಕಡೆ ಹೋಗಲಿಲ್ಲ. ಆಗ ಅಜ್ಜಯ್ಯ ಎದ್ದು ಬಂದ. ಮೂವತ್ತೊಂದು ವರ್ಷದಿಂದ ಆ ಆಫೀಸಿನಲ್ಲಿದ್ದ ಅವನ ಮಾತಿಗೆ ಸಾವ್ಕಾರರೂ ಕಿವಿ ಕೊಡುತ್ತಿದ್ದರು.

"ಯಾರ ಮ್ಯಾಲೂ ಹಾಕೋದು ಬ್ಯಾಡ್ರಿ. ಟೈಪಿನ ತಪ್ಪು, ಇವತ್ತ ನಮ್ಮ ಗಮನಕ್ಕ ಬಂತು, ಇವತ್ತ ತಿದ್ದಿ ಕಳಿಸೀವಿ ಅಂತ ಬರದ್ರ ಸಾಕು. ಗೊತ್ತಾದ ಕೂಡಲೇ ತಿದ್ದಿದ್ರ ಅವರೂ ದಂಡದ ಮಾತು ಎತ್ತಂಗಿಲ್ಲ."

ಹಾಗೆಯೇ ಗಾಳೆಮ್ಮ ಕಾಗದ ಹೊಡೆದಳು. ತಿದ್ದಿದ ರಿಟರ್ನಿನ ಜೊತೆ ಬೆನಕಪ್ಪ ಅದಕ್ಕೂ ಸಹಿ ಹಾಕಿದರು. ಅಷ್ಟರಲ್ಲಿ ಕೊಟ್ರಬಸಪ್ಪ ವಾಪಸ್ಸು ಬಂದು, ತೆರಿಗೆ ಬೇರೆಯವರ ಹೆಸರಿಗೆ ಹೋಗಿದ್ದರೆ ಅದು ತಮ್ಮದಲ್ಲವೆಂದು ಅವರ ಕೈಬರಹವೂ ಬೇಕೆಂದು ನಿನ್ನೆಯೇ ಬಳ್ಳಾರಿಯಲ್ಲಿ ಹೇಳಿದ್ದಾರೆ ಎಂದ.

"ನಾ ಚಿಗಟೇರಿಗೆ ಹೋಗಿ ಬರ್ತೀನ್ರಿ," ಎಂದಳು ಗಾಳೆಮ್ಮ.

"ಬ್ಯಾಡವ್ವ," ಎಂದ ಅಜ್ಜಯ್ಯ ಥಟ್ಟನೆ. "ಅವ ಜಗಳಗಂಟ. ನೀನು ಹೋಗೋದು ಬ್ಯಾಡ. ರಿಟರ್ನು ತಿದ್ದಿದ್ರ ನಡಿತೈತಿ."

"ನಡಿಯಂಗಿಲ್ಲ ಅಂತ ಆಫೀಸರ್ರ ಹೇಳ್ಯಾರಲ್ರಿ!" ಕೊಟ್ರಬಸಪ್ಪನ ದನಿ ಮತ್ತೆ ಏರಿತು. ಬೆನಕಪ್ಪ ಕೈ ಬೀಸಿ, ಹೋಗಿ ಬಾ ಎಂದರು.

ಹರಪನಹಳ್ಳಿಯಲ್ಲಿ ಬಸ್ಸು ಬದಲಿಸಿ ಅವಳು ಚಿಗಟೇರಿ ಮುಟ್ಟುವಾಗ ಎರಡು ಗಂಟೆಯಾಗಿತ್ತು. ನಾಲ್ಕಕ್ಕೆ ವಾಪಸ್ಸಿನ ಬಸ್ಸು. ಅದು ತಪ್ಪಿದರೆ ಅವತ್ತಿಗೆ ಕೊಟ್ಟೂರು ಸೇರುವುದು ಕಷ್ಟ. ಲಾರಿ ಕೊಟ್ರಬಸಪ್ಪ ಮನೆಯ ಮುಂದೆ ಲಾರಿಯ ಚಕ್ರ ಬಿಚ್ಚಿ ಕೂತಿದ್ದ. ಯಾವ ಗಿರಣಿಯಿಂದ ಬಂದವಳು ಎಂದು ತಿಳಿಯುತ್ತಲೇ ನಟ್ಟು ಬಿಚ್ಚುವ ಪಾನಾ ಕೆಳಗೆ ಹಾಕಿದ.

"ಈಗ ಬಂದ್ರೇನು? ಐದು ತಿಂಗಳಾತು!"

"ಏನು ಐದು ತಿಂಗಳ್ರಿ?"

"ನಾ ಕಾಗದ ಬರದು. ನನಗೆ ಒಂದು ಸರ್ಟಿಫಿಕೇಟು ಕಳಿಸಿದ್ರಿ, ಇಷ್ಟು ಸಾವಿರದ ಕೆಲಸ ಮಾಡೀದಿ, ಇಷ್ಟು ತೆರಿಗಿ ಹಿಡದೀವಿ ಅಂತ. ನಾ ಯಾವ ಕೆಲಸಾನೂ ಮಾಡಿಲ್ಲ, ಇದು ನಂದಲ್ಲ, ತಿದ್ದಿಕೊಡ್ರಿ ಅಂತ ರಿಜಿಸ್ಟರ್ ಪೋಸ್ಟಿನಾಗ ಬರದೆ. ಜವಾಬಿಲ್ಲ. ಈಗ ನೋಡಿದ್ರ ನನಗ ಬಳ್ಳಾರಿ ನೋಟೀಸು ಬಂದೈತಿ, ಗೋದಾಮು ಕಟ್ಟಿದ ಆದಾಯ ಯಾಕ ಮುಚ್ಚಿಟ್ಟೀದಿ ಅಂತ. ಲಾರಿ ಹೊಡಿಯಾವ ನಾನು! ಗೋಡಿ ಕಟ್ಟಾಕ ಬರ್ತೈತೇನು ನನಗ?"

ಒಳಗಿನಿಂದ ಅವನ ಹೆಂಡತಿ ಅನ್ನದಾನಮ್ಮ ಬಂದು, ಗಾಳೆಮ್ಮನನ್ನು ಕಟ್ಟೆಯ ಮೇಲೆ ಕೂರಿಸಿ ನೀರು ಕೊಟ್ಟಳು. "ಆ ಹುಡುಗಿ ಮ್ಯಾಲೆ ಯಾಕ ಹರಿಹಾಯ್ತೀರಿ? ತಿದ್ದಾಕ ಬಂದಾಳಲ್ಲ," ಎಂದು ಗಂಡನಿಗೆ ಹೇಳಿ, ಗೂಡಿನಲ್ಲಿದ್ದ ಕಾಗದದ ಕಟ್ಟು ತಂದಿಟ್ಟಳು. ಅದರಲ್ಲಿ ಜನವರಿಯಲ್ಲಿ ಬರೆದ ಪತ್ರದ ನಕಲಿತ್ತು. ಅದಕ್ಕೆ ಗುಂಡುಪಿನ್ನು ಚುಚ್ಚಿ, ಪತ್ರ ಮುಟ್ಟಿದ್ದಕ್ಕೆ ಅಂಚೆಯವರು ತಂದುಕೊಟ್ಟ ಸ್ವೀಕೃತಿ ಕಾರ್ಡು. ಒಂಬತ್ತನೇ ಜನವರಿಯ ಅಂಚೆ ಮುದ್ರೆ. ಕೆಳಗೆ ಸಹಿ.

ಆ ಸಹಿಯನ್ನು ಅವಳು ದಿನವೂ ನೋಡುತ್ತಿದ್ದಳು. ಅಜ್ಜಯ್ಯನ 'ಅ' ಕಾರದ ಬಾಲ ಸಾಲಿನಿಂದ ಕೆಳಗೆ ಇಳಿದು ಎಡಕ್ಕೆ ತಿರುಗಿತ್ತು.

ಲಾರಿ ಕೊಟ್ರಬಸಪ್ಪ ಅವಳು ಬರೆದುಕೊಂಡು ಹೋಗಿದ್ದ ಹೇಳಿಕೆಯನ್ನು ಮೂರು ಸಲ ಓದಿದ. ಮೂರೂ ಮುಕ್ಕಾಲಾಯಿತು. ಎರಡು ಕಡೆ ಪದ ತಿದ್ದಿಸಿ, ಗ್ರೀಸಿನ ಕೈ ಒರೆಸಿಕೊಂಡು ಸಹಿ ಹಾಕಿದ. ಆಮೇಲೆ ನಕಲು, ಕಾರ್ಡು ಎರಡನ್ನೂ ಅವಳ ಕೈಗೆ ತುರುಕಿದ.

"ನಿಮ್ಮ ಸಾವ್ಕಾರ್ರಿಗೆ ತೋರ್ಸು ಇದನ್ನ. ಯಾರು ಸಹಿ ಮಾಡಿ ಇಸ್ಕಂಡಾರ ಅಂತ ಕೇಳು."

ಹೊರಟು ನಿಂತಿದ್ದ ಬಸ್ಸಿಗೆ ಅವಳು ಓಡಿ ಹತ್ತಿದಳು.

ಗಿರಣಿಗೆ ಬಂದಾಗ ಅಜ್ಜಯ್ಯ ಕಿಟಕಿ ಹಾಕುತ್ತಿದ್ದ. ಬೆನಕಪ್ಪ ಮನೆಗೆ ಹೋಗಿಯಾಗಿತ್ತು. ಗಾಳೆಮ್ಮ ಬಾಗಿಲಲ್ಲೇ ನಿಂತು ಕೇಳಿದಳು: "ಜನವರಿಯಾಗ ಚಿಗಟೇರಿಯಿಂದ ಒಂದು ರಿಜಿಸ್ಟರ್ ಕಾಗದ ಬಂದಿತ್ತೇನ್ರಿ?"

ಅಜ್ಜಯ್ಯ ಕಿಟಕಿಯ ಚಿಲಕದಿಂದ ಕೈ ತೆಗೆಯಲಿಲ್ಲ. "ಬರ್ತಾವವ್ವ, ಎಷ್ಟೋ ಬರ್ತಾವ. ಎಲ್ಲಾ ನೆನಪಿರ್ತಾವೇನು?" ಎಂದ. ಚಿಲಕ ಹಾಕಿ, "ಮುಂಜಾನೆ ಆರಕ್ಕ ಬಳ್ಳಾರಿ ಬಸ್ಸೈತಿ. ಕಾಗದ ಎಲ್ಲಾ ಜ್ವಾಕಿ," ಎಂದ. ಒಮ್ಮೆಯೂ ತಿರುಗಿ ನೋಡಲಿಲ್ಲ.

ಬುಧವಾರ ಕೂಡ್ಲಿಗಿ ದಾಟುವವರೆಗೂ ಗೌಂಡಿ ಕೊಟ್ರಬಸಪ್ಪ ಅವಳ ಜೊತೆ ಮಾತಾಡಲಿಲ್ಲ. ಗಾಳೆಮ್ಮ ಚೀಲವನ್ನು ತೊಡೆಯ ಮೇಲೆ ಒತ್ತಿ ಹಿಡಿದು ಕೂತಿದ್ದಳು. ಅದರೊಳಗೆ, ತಪ್ಪು ನಿನ್ನೆಯಷ್ಟೇ ಗೊತ್ತಾಯಿತು ಎಂದು ತಾನೇ ಹೊಡೆದ ಕಾಗದವಿತ್ತು. ಅದು ಸುಳ್ಳೆಂದು ಹೇಳುವ ಕಾರ್ಡೂ ಇತ್ತು. ಕಾರ್ಡು ಹೊರಗೆ ಬಂದರೆ ದಂಡ ಗಿರಣಿಗೆ, ಕುತ್ತು ಅಜ್ಜಯ್ಯನಿಗೆ. ಅವಳನ್ನು ಈ ಕೆಲಸಕ್ಕೆ ತೆಗೆದುಕೊಳ್ಳಿ ಎಂದು ಸಾವ್ಕಾರರ ಜೊತೆ ಒಂದು ವಾರ ವಾದ ಮಾಡಿದವನು ಅಜ್ಜಯ್ಯನೇ. ಕಾರ್ಡು ಬೇಕಾಗುವುದಿಲ್ಲ, ಹೇಳಿಕೆಯೊಂದೇ ಸಾಕಾಗುತ್ತದೆ ಎಂದು ದಾರಿಯುದ್ದಕ್ಕೂ ತನಗೆ ತಾನೇ ಹೇಳಿಕೊಂಡಳು.

ಬಳ್ಳಾರಿಯ ಆಫೀಸಿನ ಪಡಸಾಲೆಯಲ್ಲಿ ಹನ್ನೊಂದರಿಂದ ಒಂದೂವರೆಯವರೆಗೆ ಕೂತರು. ಊಟದ ಹೊತ್ತು ಕಳೆದು ಎರಡೂ ಕಾಲಿಗೆ ಒಳಗೆ ಕರೆದರು. ಅಧಿಕಾರಿ ಮೈಸೂರು ಕಡೆಯವರು, ಮೆತ್ತಗೆ ಮಾತಾಡುತ್ತಿದ್ದರು. ಕಾಗದಗಳನ್ನೆಲ್ಲ ಒಂದೊಂದಾಗಿ ಓದಿ ಮೇಜಿನ ಮೇಲೆ ಸಾಲಾಗಿ ಇಟ್ಟರು.

"ಟೈಪಿಂಗ್ ತಪ್ಪು. ಎಂಟು ತಿಂಗಳ ಮೇಲೆ ಗೊತ್ತಾಗಿದೆ. ಅದೂ ಟೆಂಡರಿನ ಹಿಂದಿನ ದಿನ."

"ನಂದ ತಪ್ಪು ಸರ್."

"ಆಗಬಹುದು. ಆದರೆ ನಾನು ಹೇಗೆ ನಂಬಲಿ, ಹೇಳಿ? ಇಬ್ಬರೂ ನಿಮ್ಮ ಕಂಪನಿಯ ಕೆಲಸ ಮಾಡುವವರು. ನೀವು ಹೇಳಿದ ಕಡೆ ಸಹಿ ಹಾಕಿಕೊಡುತ್ತಾರೆ. ಇವತ್ತು ಇವರಿಗೆ ಸರ್ಟಿಫಿಕೇಟು ಬೇಕು, ತೆರಿಗೆ ಇವರದು ಅನ್ನುತ್ತೀರಿ. ನಾಳೆ ಇನ್ನೊಬ್ಬರಿಗೆ ಬೇಕಾದರೆ?" ಅವರು ಪೆನ್ನಿನ ಮುಚ್ಚಳ ಹಾಕಿದರು. "ನಮ್ಮ ಇನ್ಸ್‌ಪೆಕ್ಟರನ್ನು ಕಳಿಸಿ ನಿಮ್ಮ ಲೆಕ್ಕ, ಇವರು ಕಟ್ಟಿದ ಗೋದಾಮು ಎಲ್ಲಾ ನೋಡಿಸುತ್ತೇನೆ. ನಿಜವಿದ್ದರೆ ಹದಿನೈದು ದಿನದಲ್ಲಿ ಸರಿಹೋಗುತ್ತೆ."

"ನಾಳೆ ಮೂರಕ್ಕ ಮುಚ್ತಾರ್ರಿ ಸಾಹೇಬ್ರ," ಎಂದ ಕೊಟ್ರಬಸಪ್ಪ. ಮುಂಚಿನ ದಿನದ ಏರುದನಿ ಎಲ್ಲಿ ಹೋಗಿತ್ತೋ, ಪಿಸುಗುಟ್ಟಿದಂತೆ ಕೇಳಿತು. ಅವನ ಕೈಗಳು ಮೇಜಿನ ಅಂಚು ಹಿಡಿದಿದ್ದವು. ಉಗುರಿನ ಸುತ್ತ ಸುಣ್ಣ ತಿಂದು ಚರ್ಮ ಸೀಳಿತ್ತು. "ನಾ ಸುಳ್ಳು ಲೆಕ್ಕ ಕೊಟ್ಟಿಲ್ರಿ. ಕೊಟ್ಟಿಲ್ರಿ ನಾನು."

ಅಧಿಕಾರಿ ಕಾಗದಗಳನ್ನು ಒಟ್ಟು ಮಾಡತೊಡಗಿದರು.

ಗಾಳೆಮ್ಮ ಚೀಲದೊಳಗೆ ಕೈ ಹಾಕಿದಳು. ಕಾರ್ಡಿನ ಮೇಲೆ ಬೆರಳು ಬಿತ್ತು, ಅಲ್ಲಿಯೇ ನಿಂತಿತು. ಅಧಿಕಾರಿ ಫೈಲಿಗೆ ದಾರ ಕಟ್ಟುವಷ್ಟರಲ್ಲಿ ಅವಳು ಅದನ್ನು ತೆಗೆದು, ನಕಲಿನ ಸಮೇತ ಮೇಜಿನ ಮೇಲೆ ಇಟ್ಟಳು.

"ಇದು ಟೆಂಡರ್ ಕರಿಯೋಕ್ಕಿಂತ ಮೊದಲ ಬರದಿದ್ದು ಸರ್. ತೆರಿಗಿ ನಂದಲ್ಲ ಅಂತ ಚಿಗಟೇರಿಯವ್ರು ಆಗಲೇ ನಮಗ ಬರದಿದ್ರು."

ಅವರು ಅಂಚೆ ಮುದ್ರೆಯನ್ನು ಬೆಳಕಿಗೆ ಹಿಡಿದು ನೋಡಿದರು. ಪತ್ರ ಓದಿದರು. ನಂತರ ಬೆನಕಪ್ಪನವರ ಕಾಗದವನ್ನು ಮತ್ತೆ ಕೈಗೆತ್ತಿಕೊಂಡರು.

"ಇದರಲ್ಲಿ ನಿನ್ನೆ ಗಮನಕ್ಕೆ ಬಂತು ಎಂದು ಬರೆದಿದ್ದೀರಲ್ಲ?"

"ಅದನ್ನ ಹೊಡದಾಕಿ ನಾನ ಸರ್. ಆಗ ನನಗ ಈ ಕಾರ್ಡಿಂದು ಗೊತ್ತಿರಲಿಲ್ಲ. ಸಾವ್ಕಾರ್ರಿಗೂ ಗೊತ್ತಿಲ್ಲ."

"ಆದರೆ ಆಫೀಸಿಗೆ ಬಂದಿತ್ತು."

"ಬಂದಿತ್ರಿ."

"ಬರೆದು ಕೊಡುತ್ತೀರಾ?"

ಗಾಳೆಮ್ಮ ಒಂದು ಹಾಳೆ ಇಸಿದುಕೊಂಡು ಕನ್ನಡದಲ್ಲಿ ಎಂಟು ಸಾಲು ಬರೆದಳು. ಸಹಿಯ ಕೆಳಗೆ ಹುದ್ದೆ ಬರೆಯಿರಿ ಎಂದರು. ಟೈಪಿಸ್ಟ್ ಎಂದು ಬರೆದಳು.

ನಾಲ್ಕೂವರೆಗೆ ಸರ್ಟಿಫಿಕೇಟು ಕೈಗೆ ಬಂತು. ಗಿರಣಿಗೆ ನೋಟೀಸು ಬೇರೆ ಬರುತ್ತೆ ಎಂದು ಅಧಿಕಾರಿ ಹೇಳಿ ಕಳಿಸಿದರು. ಬಸ್‌ಸ್ಟ್ಯಾಂಡಿನಲ್ಲಿ ಹಡಗಲಿಗೆ ಹೋಗಲು ಹೊಸಪೇಟೆಯ ಬಸ್ಸು ಹತ್ತುವ ಮೊದಲು ಕೊಟ್ರಬಸಪ್ಪ ಹೇಳಿದ: "ತಂಗೀ, ಸಾವ್ಕಾರ್ರು ಬೈದ್ರ ಕೊಟ್ರಬಸಪ್ಪ ಹಿಂಗ ಮಾಡಿಸಿದ ಅಂತ ನನ್ನ ಹೆಸರು ಹೇಳು."

"ಯಾವ ಕೊಟ್ರಬಸಪ್ಪ ಅಂತಾರ್ರಿ," ಎಂದಳು ಗಾಳೆಮ್ಮ. ಅವನು ನಕ್ಕ. ಅವಳಿಗೆ ನಗು ಬರಲಿಲ್ಲ.

ಗುರುವಾರ ಬೆಳಿಗ್ಗೆ ಅವಳು ನೇರವಾಗಿ ಬೆನಕಪ್ಪನವರ ಕೋಣೆಗೆ ಹೋಗಿ ನಿಂತೇ ಎಲ್ಲ ಹೇಳಿದಳು. ಬಯ್ಯುತ್ತಾರೆಂದುಕೊಂಡಿದ್ದಳು. ಅವರು ಬಯ್ಯಲಿಲ್ಲ, ಅಜ್ಜಯ್ಯನನ್ನು ಕರೆಸಿದರು.

"ಆ ಕಾಗದ ಬಂದಿತ್ತೇನು?"

"ಬಂದಿತ್ರಿ. ನನ್ನ ಪೆಟ್ಟಿಗ್ಯಾಗ ಐತಿ."

"ಯಾಕ ಹೇಳಲಿಲ್ಲ?"

ಅಜ್ಜಯ್ಯ ಸೊಂಟದ ಕೀಲಿಗೊಂಚಲು ಬಿಚ್ಚತೊಡಗಿದ. ಬೆನಕಪ್ಪ ಅವನನ್ನೇ ನೋಡಿದರು. "ಮೂವತ್ತೊಂದು ವರ್ಷ ನೀನು ತೋರಿಸಿದ ಕಡೆ ಓದದ ಸಹಿ ಹಾಕೀನಿ," ಎಂದರು. ದನಿಯಲ್ಲಿ ಸಿಟ್ಟಿಗಿಂತ ಬೇರೆ ಏನೋ ಇತ್ತು. ಅಜ್ಜಯ್ಯ ಕಪಾಟಿನ ಕೀಲಿಗಳನ್ನು ಮೇಜಿನ ಮೇಲಿಟ್ಟು ಹೊರಗೆ ಹೋದ. ನಾಳೆ ಬರಬೇಡ ಎಂದು ಅವರು ಹೇಳಲಿಲ್ಲ. ಅವನೂ ಬರಲಿಲ್ಲ.

ಟೆಂಡರು ಗೌಂಡಿ ಕೊಟ್ರಬಸಪ್ಪನಿಗೆ ಆಗಲಿಲ್ಲ. ಹೊಸಪೇಟೆಯ ಒಬ್ಬ ಕಂಟ್ರಾಕ್ಟರು ಅವನಿಗಿಂತ ಸ್ವಲ್ಪ ಕಡಿಮೆಗೆ ಬರೆದಿದ್ದ. ಆದರೆ ಅದೇ ಸರ್ಟಿಫಿಕೇಟು ತೋರಿಸಿ ಮುಂದಿನ ತಿಂಗಳು ಹಂಪಸಾಗರದಲ್ಲಿ ಒಂದು ಕಾಂಪೌಂಡು ಗೋಡೆಯ ಕೆಲಸ ಹಿಡಿದನೆಂದು ಸುದ್ದಿ ಬಂತು. ಗಿರಣಿಗೆ ದಂಡದ ನೋಟೀಸೂ ಬಂತು. ಬೆನಕಪ್ಪ ಅದನ್ನು ಗಾಳೆಮ್ಮನ ಕೈಯಲ್ಲೇ ಓದಿಸಿ, ಚಲನ್ ಬರೆಸಿ, ಕಟ್ಟಿಸಿದರು. ಆಕೆಗೆ ಕೊಡುತ್ತೇನೆಂದಿದ್ದ ಪಗಾರದ ಏರಿಕೆಯ ಮಾತು ಆ ವರ್ಷ ಮತ್ತೆ ಎತ್ತಲಿಲ್ಲ. ಕೆಲಸದಿಂದಲೂ ತೆಗೆಯಲಿಲ್ಲ.

ಜುಲೈ ಹನ್ನೆರಡರ ಸುಮಾರಿಗೆ ಗಾಳೆಮ್ಮ ಅಜ್ಜಯ್ಯನ ಮನೆಗೆ ಹೋದಳು. ಏಪ್ರಿಲ್ ತಿಂಗಳ ಎರಡು ಬಿಲ್ಲು ಯಾವ ಫೈಲಿನಲ್ಲಿವೆ ಎಂದು ಕೇಳುವುದಿತ್ತು. ಅವನು ಜಗಲಿಯ ಮೇಲೆ ಕೂತು ಹುಣಸೆ ಬಿಡಿಸುತ್ತಿದ್ದ. ಫೈಲು ಯಾವುದೆಂದು ಹೇಳಿದ. ಅವಳು ಹೊರಡಲಿಲ್ಲ.

"ನಿಂದ್ರಬ್ಯಾಡ, ಕೇಳು," ಎಂದ ಅಜ್ಜಯ್ಯ.

"ಯಾಕ ಮುಚ್ಚಿಟ್ರಿ?"

"ಆಗ ನೀನಿನ್ನಾ ಕಾಯಂ ಆಗಿರಲಿಲ್ಲ. ಆ ಕಾಗದ ಸಾವ್ಕಾರ್ರ ಮುಂದ ಇಟ್ಟಿದ್ರ ಮೊದಲ ಮನಿಗೆ ಹೋಗಾಕಿ ನೀನು. ಮುಂದಿನ ರಿಟರ್ನಿನಾಗ ಸದ್ದಿಲ್ಲದ ತಿದ್ದಿದ್ರಾತು ಅಂದ್ಕಂಡೆ. ಇವತ್ತು ನಾಳೆ ಅನ್ನೋದ್ರಾಗ ವರ್ಷದ ಲೆಕ್ಕನ ಮುಗದು ಹೋತು. ಆಮ್ಯಾಲೆ ಹೇಳಾಕ ಬಾಯಿ ಬರಲಿಲ್ಲ."

"ನಿಮ್ಮ ಕೆಂಪು ಗೆರಿನೂ ಇತ್ತಲ್ರಿ ಆ ರಿಟರ್ನಿನ ಮ್ಯಾಲೆ," ಎಂದಳು ಗಾಳೆಮ್ಮ.

ಅಜ್ಜಯ್ಯ ಹುಣಸೆ ಬೀಜ ಒಂದನ್ನು ಪಕ್ಕಕ್ಕೆ ಹಾಕಿದ.

"ಹೂಂ. ಅದೂ ಇತ್ತು," ಎಂದ.

ರಿಟರ್ನು ಹದಿನೈದರೊಳಗೆ ಬಳ್ಳಾರಿ ಸೇರಬೇಕಿತ್ತು; ಒಂದೊಂದು ಬಿಲ್ಲನ್ನೂ ಪಕ್ಕಕ್ಕಿಟ್ಟುಕೊಂಡು ಓದಿಯೇ ಸಹಿ ಹಾಕುತ್ತೇನೆಂದು ಬೆನಕಪ್ಪ ಕಾಯುತ್ತಿದ್ದರು. ಅವಳು ಬೇಗ ಬೇಗ ಗಿರಣಿಯ ಕಡೆ ನಡೆದಳು.